ಎರಡನೇ ಆಂಪ್ ತರೋಕ್ ಮುಂಚೆ ಬಾಕ್ಸ್ ಬಿಚ್ಚಿ ನೋಡಿ

ನಮ್ ತಿಪಟೂರು, ತುರುವೇಕೆರೆ ಕಡೆ ಜಾತ್ರೆಗೋ ಮದ್ವೆಗೋ ಸೌಂಡ್ಸ್‌ನೋರು ದೊಡ್ಡ ಸೆಟ್ ತಂದಾಗ ಹತ್ರ ಹೋಗಿ ನೋಡಿ. ಬೇಸ್ ಬಾಕ್ಸಿಗೇ ಒಂದು ಆಂಪ್, ಮೇಲಿನ ಬಾಕ್ಸಿಗೇ ಇನ್ನೊಂದು. ಎರಡಕ್ಕೂ ಮುಂದೆ ಕ್ರಾಸ್‌ಓವರ್ ಅನ್ನೋ ಚಪ್ಪಟೆ ಪೆಟ್ಟಿಗೆ. ದಪ್ಪ ದನಿ, ಸಣ್ಣ ದನಿ ಆಂಪಿಗೆ ಹೋಗೋಕ್ ಮುಂಚೇನೇ ಬೇರೆ ಆಗಿರ್ತವೆ. ಬೈ-ಆಂಪಿಂಗ್ ಅಂದ್ರೆ ನಿಜವಾಗ್ಲೂ ಇದೇ ಕಣ್ರಪ್ಪ.

ಮನೇಲಿ ಮಾಡೋದು ಬೇರೆ. ಸ್ಪೀಕರ್ ಹಿಂದೆ ಎರಡು ಜೊತೆ ತಿರುಪು ಇದ್ರೆ ಸಾಕು, ಇನ್ನೊಂದು ಆಂಪ್ ತಂದು ಸಿಗಿಸ್ತಾರೆ. ಒಳಗಿರೋ ಕಾಯಿಲ್ಲು, ಕೆಪಾಸಿಟರ್ ಎಲ್ಲಿದ್ವೋ ಅಲ್ಲೇ ಅವೆ, ಎರಡು ಆಂಪೂ ಪೂರ್ತಿ ಹಾಡನ್ನೇ ಹೊರ್ತವೆ. ವ್ಯಾಟ್ ದುಪ್ಪಟ್ಟಾದ್ರೂ ಏರೋದು 3 ಡೆಸಿಬೆಲ್. ತಿರುಪುಗಳ ಮಧ್ಯದ ತಗಡಿನ ಪಟ್ಟಿ ತೆಗೆಯೋದು ಮರೆತ್ರಂತೂ ಒಂದು ಆಂಪ್ ಇನ್ನೊಂದಕ್ಕೆ ಕರೆಂಟ್ ನುಗ್ಸಿ ಎರಡೂ ಸುಟ್ಟೋಗಬೌದು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ರೂ ಮಾರುಕಟ್ಟೇಲಿ 10,000ದ ಕೆಳಗೆ ಬಿದ್ದಿತ್ತು. ಅಂಥ ವರ್ಷ ಕಂಡೋರು ಈ 3 ಡೆಸಿಬೆಲ್ಲಿಗೆ ಕೊಬ್ಬರಿ ದುಡ್ಡು ಸುರಿಯೋದು ನನಗಂತೂ ಒಪ್ಪಲ್ಲ.

ಇಪ್ಪತ್ತೈದು ಮೂವತ್ತು ವರ್ಷದ ಬಾಕ್ಸಲ್ಲಿ ಹಾಡು ಮಂಕಾಗಿದ್ರೆ ಮೊದ್ಲು ಅನುಮಾನ ಪಡಬೇಕಾದ್ದು ಟ್ವೀಟರ್‌ಗೆ ಹೋಗೋ ಕೆಪಾಸಿಟರ್ ಮೇಲೆ. ಎಲೆಕ್ಟ್ರೋಲೈಟಿಕ್ ಆದ್ರೆ ಒಳಗಿನ ದ್ರವ ಬಿಸಿಲ ಸೀಮೇಲಿ ಒಣಗ್ತೈತೆ. ಅದೇ ಬೆಲೆದು, ಅಂದ್ರೆ ಮೈಕ್ರೋಫ್ಯಾರಡ್ ಅಷ್ಟೇ ಇರೋದು, ಪೋಲಾರಿಟಿ ಇಲ್ಲದ್ದು ಹಾಕಿ. ಖರ್ಚು ಏನೂ ಅಲ್ಲ. ಇಲ್ಲಿ ಕೈಚಳಕ ಬ್ಯಾಡ. ಒಂದೇ ಕೆಪಾಸಿಟರ್ ಇರೋ ಸಾದಾ ಬಾಕ್ಸಲ್ಲಿ 8 ಓಮ್ ಟ್ವೀಟರ್‌ಗೆ 6.6 ಮೈಕ್ರೋಫ್ಯಾರಡ್ ಇದ್ರೆ ಸುಮಾರು 3,000 ಹರ್ಟ್ಸಿಂದ ಮೇಲಿನ ದನಿ ಹೋಯ್ತೈತೆ. ಅರ್ಧಕ್ಕಿಳಿಸಿದ್ರೆ ಅದು 6,000ಕ್ಕೆ ಏರಿ, ಹಾಡೋರ ಮಾತು ಸ್ಪಷ್ಟ ಮಾಡೋ ಜಾಗವೇ ಸೊರಗ್ತೈತೆ. ದುಪ್ಪಟ್ಟು ಮಾಡಿದ್ರೆ 1,500ಕ್ಕೆ ಇಳಿದು ಟ್ವೀಟರ್ ತಡೀದೆ ಹೋಗಬೌದು. ಫಿಲ್ಮ್ ಕೆಪಾಸಿಟರ್ ಹಾಕಿದ್ರೆ ಸಣ್ಣ ದನಿ ಸ್ವಲ್ಪ ಮುಂದಕ್ಕೆ ಬರ್ತೈತೆ. ಕೆಲವ್ರಿಗೆ ಅದು ಹಿತ, ಕೆಲವ್ರಿಗೆ ಚುಚ್ತೈತೆ.

ಸೌಂಡ್ಸ್‌ನೋರ ಥರವೇ ಮಾಡ್ತೀನಿ ಅನ್ನೋ ಹಟ ಇದ್ರೆ ಒಳಗಿನ ಕ್ರಾಸ್‌ಓವರ್ ತೆಗೆದು ಆಂಪಿಗೆ ಮುಂಚೆ ಎಲೆಕ್ಟ್ರಾನಿಕ್ಕು ಇಡಿ. ಆಗ ಟ್ವೀಟರ್‌ಗೆ ಕಾವಲಾಗಿ ಒಂದು ದೊಡ್ಡ ಕೆಪಾಸಿಟರ್ ಇರ್ಲಿ, ಸ್ವಿಚ್ ಹಾಕಿದ್ ಒಂದು 'ಟಪ್' ಸಾಕು ಅದನ್ನ ಸುಡೋಕೆ.

ಹಂಗೂ ಸರಿಬರದಿದ್ರೆ ಕೋಣೆ ನೋಡಿ. ಗಾರೆ ನೆಲ, ಬರೀ ಗೋಡೆ ಇದ್ರೆ ದನಿ ಗುಂಯ್ ಅಂತೈತೆ. ಸ್ಪೀಕರಿಗೂ ನಿಮಗೂ ಮಧ್ಯೆ ದಪ್ಪ ನಾರಿನ ಮ್ಯಾಟ್ ಹಾಸಿ, ನಾರಿಗೆ ನಮ್ಮಲ್ಲೇನು ಬರವೇ?

ಒಂದು ಬಾಕ್ಸಿಗೆ ಮಾತ್ರ ಮೊದ್ಲು ಕೆಪಾಸಿಟರ್ ಬದಲಾಯ್ಸಿ, ಎರಡನ್ನೂ ಒಂದೊಂದಾಗಿ ಕೇಳಿ. ಅಟ್ಟದ ಕಾಯಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಕಂಡೈತಾ ಅಂತ ಕಿವೀಲೇ ಹೇಳೋ ಅಜ್ಜಿನ ಕೂರ್ಸಿ ಕೇಳ್ಸಿ. ವಯಸ್ಸಾದ ಕಿವಿಗೆ ಸಣ್ಣ ದನಿ ಕಮ್ಮಿ, ಅದಕ್ಕೇ ಪಕ್ಕದಲ್ಲಿ ಮೊಮ್ಮಕ್ಕಳನ್ನೂ ಕೂರ್ಸಿ.