ಸಂತೆಯಲ್ಲಿ ಚೌಕಾಸಿ, ಶೋರೂಂನಲ್ಲಿ ಮೌನ

ಬಿಳಿಚೋಡು ಸುತ್ತಲಿನ ಹಿರಿಯರಿಗೆ ವ್ಯಾಪಾರ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ. ಮೆಕ್ಕೆಜೋಳ ಮಾರುವಾಗ ಕ್ವಿಂಟಲ್‌ಗೆ ಹತ್ತು ರೂಪಾಯಿಗೂ ಪಟ್ಟು ಹಿಡಿಯುತ್ತಾರೆ. ಹಲ್ಲು ನೋಡದೆ ಎತ್ತು ಕೊಳ್ಳುವುದಿಲ್ಲ. ಅದೇ ಜನ ದಾವಣಗೆರೆಗೆ ಹೋಗಿ ಕಾರಿನ ಶೋರೂಂನಲ್ಲಿ ಕೂತರೆ ಬಾಯಿಗೆ ಬೀಗ. ಚೌಕಾಸಿ ಮಾಡಿದರೆ ಎಲ್ಲಿ ಹಳ್ಳಿ ಗಮಾರರು ಅಂದುಕೊಳ್ಳುತ್ತಾರೋ ಎಂಬ ಸಂಕೋಚ. ಓದಿದ ಮಕ್ಕಳಾದ ನಾವೂ ಪಕ್ಕದಲ್ಲಿ ನಿಂತು ಬಣ್ಣ ಆರಿಸುತ್ತೇವೆಯೇ ಹೊರತು ಬಿಲ್ ಓದುವುದಿಲ್ಲ.

ಕಾರಿನ ಬೆಲೆಯಲ್ಲಿ ಎರಡು ಭಾಗಗಳಿವೆ. ಒಂದು, ಸರ್ಕಾರಕ್ಕೆ ಹೋಗುವುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ದುಬಾರಿ; ಐದರಿಂದ ಹತ್ತು ಲಕ್ಷದ ಕಾರಿಗೆ ಶೇ 14, ಅದರ ಮೇಲೆ ಸೆಸ್. ಇಲ್ಲಿ ಚೌಕಾಸಿ ನಡೆಯದು. ಇನ್ನೊಂದು ಭಾಗ ವಿಮೆ, ಆಕ್ಸೆಸರೀಸ್, ಹೆಚ್ಚುವರಿ ವಾರಂಟಿ, ‘ಹ್ಯಾಂಡ್ಲಿಂಗ್ ಚಾರ್ಜ್’, ರಿಯಾಯಿತಿ. ಮಾತಾಡಬೇಕಾದ್ದು ಇಲ್ಲಿ. ವಿಮೆಯನ್ನು ಶೋರೂಂನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗೆ ವಿಚಾರಿಸಿದ ದರ ಕೈಯಲ್ಲಿದ್ದರೆ ಅವರೂ ಇಳಿಸುತ್ತಾರೆ. ಸೀಟ್ ಕವರ್, ಮ್ಯಾಟ್ ಬೇಡವೆಂದರೆ ಬೇಡ. ದಾವಣಗೆರೆಯದೊಂದು, ಚಿತ್ರದುರ್ಗದ್ದೊಂದು ಕೊಟೇಶನ್ ಬರವಣಿಗೆಯಲ್ಲಿ ತಂದು ಸಾಲು ಸಾಲಾಗಿ ಹೋಲಿಸಿ. ಬಾಯಿಮಾತಿನ ರಿಯಾಯಿತಿ ಲೆಕ್ಕಕ್ಕಿಲ್ಲ. ವರ್ಷದ ಕೊನೆಯಲ್ಲಿ ಹೆಚ್ಚು ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಕಾರು ತಯಾರಾದ ತಿಂಗಳು, ವರ್ಷ ನೋಡಿಯೇ ಮುಂಗಡ ಕೊಡಬೇಕು. ಮುಂದೆ ಮಾರುವಾಗ ಅದೇ ಬೆಲೆ ಕಟ್ಟುತ್ತದೆ.

ದೊಡ್ಡ ಪೆಟ್ಟು ಬೀಳುವುದು ಸಾಲದಲ್ಲಿ. ‘ತಿಂಗಳಿಗೆ ಎಷ್ಟು ಕಟ್ಟುತ್ತೀರಿ?’ ಎಂಬ ಪ್ರಶ್ನೆಗೆ ಉತ್ತರಿಸುವ ಮುನ್ನ ಒಟ್ಟು ಬೆಲೆ ತೀರ್ಮಾನವಾಗಲಿ. ಆರು ಲಕ್ಷ ಸಾಲವನ್ನು ಐದು ವರ್ಷಕ್ಕೆ ಶೇ 7ರ ‘ಫ್ಲಾಟ್’ ಬಡ್ಡಿಯಲ್ಲಿ ಪಡೆದರೆ ಕಂತು 13,500 ರೂಪಾಯಿ. ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕುವ ಶೇ 9ರ ಸಾಲದಲ್ಲಿ ಕಂತು ಸುಮಾರು 12,455. ಕಡಿಮೆ ಎಂದು ಕಾಣುವ ಏಳೇ ಕೊನೆಗೆ 62 ಸಾವಿರಕ್ಕೂ ಹೆಚ್ಚು ಕಸಿಯುತ್ತದೆ. ಈ ಲೆಕ್ಕಕ್ಕೆ ಪದವಿ ಬೇಕಿಲ್ಲ, ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು.

ಜಗಳೂರು ತಾಲ್ಲೂಕು ಮಳೆ ನಂಬಿದ ಸೀಮೆ. ಮಳೆ ಕೈಕೊಟ್ಟರೂ ಕಂತು ಕಾಯುವುದಿಲ್ಲ. ಕೆಲಸ ಹುಡುಕುತ್ತಿರುವ ನಮಗೆ ಸದ್ಯ ಮನೆಗೆ ಸಂಬಳ ತರಲು ಆಗದಿರಬಹುದು. ಅಪ್ಪ ಸಹಿ ಹಾಕುವ ಮೊದಲು ಕಾಗದ ಪೂರ್ತಿ ಓದಿ ಹೇಳಲು ಆಗುತ್ತದೆ. ಲೆಕ್ಕ ಸರಿಯಿಲ್ಲದಿದ್ದರೆ ‘ಇವತ್ತು ಬೇಡಪ್ಪ, ನಾಳೆ ಬರೋಣ’ ಎಂದು ಎದ್ದು ಬರಲೂ ಆಗುತ್ತದೆ. ಸಂತೆಯಲ್ಲಿ ಹಿರಿಯರು ಮಾಡುವುದೂ ಅದನ್ನೇ.