ಮಾತಿನ ಹಕ್ಕು ಕೊಡದೆ ಸ್ಥೈರ್ಯ ಕೇಳಬೇಡಿ

ನರ್ಸುಗಳಿಗೆ ‘ನೈತಿಕ ಸ್ಥೈರ್ಯ’ ಬೇಕು, ಅದನ್ನು ತರಬೇತಿಯಿಂದ ಬೆಳೆಸಬಹುದು ಎಂಬ ಮಾತು ಈಚೆಗೆ ಹೆಚ್ಚು ಕೇಳಿಬರುತ್ತಿದೆ. ಮಾಡಬೇಕಾದ್ದು ಏನೆಂದು ಗೊತ್ತಿದ್ದೂ ಮಾಡಲಾಗದೆ ನರ್ಸ್ ಪಡುವ ಸಂಕಟವನ್ನು ಅಮೆರಿಕದ ತತ್ವಜ್ಞಾನಿ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ವಿವರಿಸಿದಾಗ, ಅದರ ಕಾರಣವನ್ನು ಅವರು ಕಂಡದ್ದು ಸಂಸ್ಥೆಯ ಅಡ್ಡಿಗಳಲ್ಲಿ. ಕಾಯಿಲೆ ಸಂಸ್ಥೆಯದು, ಮದ್ದು ಕುಡಿಸುವುದು ಮಾತ್ರ ನರ್ಸಿಗೆ ಎಂಬ ಈಗಿನ ಕ್ರಮವನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿಯ ಗೋಪನಕೊಪ್ಪದಿಂದ ಹಿಡಿದು ಗದಗ, ಹಾವೇರಿಯ ಹಳ್ಳಿಗಳವರೆಗೆ ಬಡವರು ಕಡೆಗೆ ಬಂದು ಸೇರುವುದು ಇಲ್ಲಿಯ ವಿದ್ಯಾನಗರದ ಕಿಮ್ಸ್ ಆಸ್ಪತ್ರೆಗೆ. ಅಂಥ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಮ್ಮ ಸರ್ಕಾರಿ ವಾರ್ಡುಗಳಿಗೆ ರಾತ್ರಿ ಪಾಳಿಯಲ್ಲಿ ಹೋಗಿ ನೋಡಿದವರಿಗೆ ಈ ಲೆಕ್ಕ ಎಷ್ಟು ದೂರದ ಮಾತೆಂದು ಬಿಡಿಸಿ ಹೇಳಬೇಕಿಲ್ಲ.

ನರ್ಸುಗಳ ಸ್ಥೈರ್ಯ ಎಂದರೆ ಏನೆಂದು ನಾಡು ಕಂಡದ್ದು ಕನ್ನಡದ ಮಗಳೊಬ್ಬಳ ಹಾಸಿಗೆಯ ಬಳಿ. ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೇ ಅವರ ಮೇಲೆರಗಿದ; ಅವರು ಅರಿವು ಕಳೆದುಕೊಂಡು ಹಾಸಿಗೆ ಹಿಡಿದರು. 2015ರ ಮೇ 18ರಂದು ಕಣ್ಣು ಮುಚ್ಚುವವರೆಗೂ, 41 ವರ್ಷಕ್ಕೂ ಮಿಕ್ಕಿ, ಅವರನ್ನು ನೋಡಿಕೊಂಡವರು ಆ ಆಸ್ಪತ್ರೆಯ ನರ್ಸುಗಳು. ಅಷ್ಟು ಕಾಲ ಹಾಸಿಗೆ ಹಿಡಿದ ಮೈಯಲ್ಲಿ ಹಾಸಿಗೆಹುಣ್ಣು ಆಗದಂತೆ ಕಾದದ್ದನ್ನು ಸುಪ್ರೀಂ ಕೋರ್ಟೇ ಮೆಚ್ಚಿತು. ಹಾಸಿಗೆಹುಣ್ಣು ತಡೆಯಲು ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಬೆನ್ನು ಒರೆಸಬೇಕು, ಹಾಸು ಸುಕ್ಕಾಗದಂತೆ ಎಳೆಯಬೇಕು. ಮೈ ಭಾರವಿದ್ದರೆ ಇಬ್ಬರು ಬೇಕು. ಮನಸ್ಸೆಷ್ಟೇ ಗಟ್ಟಿಯಿದ್ದರೂ ಇಡೀ ವಾರ್ಡಿಗೆ ಒಬ್ಬಳೇ ಇರುವವಳಿಂದ ಇದು ಆಗದು. 1980ರ ದಶಕದಲ್ಲಿ ಮುಂಬೈ ಪಾಲಿಕೆ ಅರುಣಾ ಅವರನ್ನು ಬೇರೆಡೆ ಸಾಗಿಸಲು ಹೊರಟಾಗ ನರ್ಸುಗಳು ಪ್ರತಿಭಟಿಸಿ ತಡೆದರು. ಅವರು ಒಗ್ಗಟ್ಟಾಗಿದ್ದರು, ಮಾತಾಡಿದರೆ ನಾಳೆ ಕೆಲಸ ಹೋದೀತೆಂಬ ಅಂಜಿಕೆಯಲ್ಲಿ ಇರಲಿಲ್ಲ. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು ಅರುಣಾ ಪರವಾಗಿ ಮಾತಾಡುವ ಹಕ್ಕನ್ನು ಅವರಿಗೆ ದಯಾಮರಣ ಕೋರಿ ಅರ್ಜಿ ಹಾಕಿದ್ದ ಲೇಖಕಿಗೆ ಕೊಡದೆ ಆಸ್ಪತ್ರೆಯ ಸಿಬ್ಬಂದಿಗೆ ಕೊಟ್ಟಿತು. ಆ ನರ್ಸುಗಳ ನಿಲುವೇ ಸರಿಯೆಂದು ಎಲ್ಲರೂ ಒಪ್ಪಬೇಕಿಲ್ಲ. ಕೇಳಿಸಿಕೊಳ್ಳಬೇಕಾದವರು ಅವರೇ ಎಂಬುದನ್ನು ಅಲ್ಲಗಳೆಯಲಾಗದು.

ಅದೇ ಅರುಣಾ ಹುಟ್ಟಿದ ಕರ್ನಾಟಕ 2025ರ ಜನವರಿ 30ರಂದು ಘನತೆಯ ಸಾವಿನ ಹಕ್ಕಿನ ಆದೇಶ ಹೊರಡಿಸಿತು. ಆದೇಶ ಒಳ್ಳೆಯದು. ಆದರೆ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದನ್ನು ನಿರ್ಧರಿಸುವ ಎರಡೂ ಮಂಡಳಿಗಳಲ್ಲಿರುವವರು ವೈದ್ಯರು, ತಜ್ಞರು; ನರ್ಸಿಗೆ ಜಾಗವಿಲ್ಲ. ಇದು ವೈದ್ಯಕೀಯ ನಿರ್ಣಯ, ನರ್ಸಿಗೇನು ಕೆಲಸ ಎನ್ನುವವರಿದ್ದಾರೆ. ಬದುಕುವ ಸಾಧ್ಯತೆಯನ್ನು ವೈದ್ಯರೇ ಹೇಳಲಿ. ರೋಗಿ ರಾತ್ರಿಯಿಡೀ ಹೇಗೆ ನರಳಿದ, ಮುಟ್ಟಿದರೆ ಮುಖ ಹಿಂಡಿದನೋ ಇಲ್ಲವೋ, ಮಗಳ ದನಿಗೆ ಕಣ್ಣು ತೆರೆದನೋ ಎಂಬುದು ಪಾಳಿಯಲ್ಲಿದ್ದವಳಿಗೆ ಗೊತ್ತು. ಮತ ಹಾಕುವ ಅಧಿಕಾರ ಬೇಡವೆಂದರೂ ಅವಳ ಹೇಳಿಕೆ ಕಡತ ಸೇರಲೇಬೇಕು.

ತರಬೇತಿಯಿಂದ ಪ್ರಯೋಜನವೇ ಇಲ್ಲವೇ ಎಂದರೆ, ಇದೆ. ಕುಸಿದವಳಿಗೆ ಆಪ್ತ ಸಲಹೆ ಬೇಕೇಬೇಕು. ಹೆಚ್ಚು ನರ್ಸುಗಳನ್ನು ಕಾಯಂ ಆಗಿ ನೇಮಿಸಲು ದುಡ್ಡೆಲ್ಲಿದೆ ಎಂಬ ಪ್ರಶ್ನೆಯೇ ಗಟ್ಟಿಯಾದದ್ದು. ಆದರೆ ಗುತ್ತಿಗೆ ನೇಮಕದಲ್ಲಿ ಉಳಿದ ಹಣದ ಬೆಲೆಯನ್ನೂ ಯಾರೋ ತೆರುತ್ತಿದ್ದಾರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಧರಣಿ ಕೂತು ಕೇಳಿದ್ದು ಕಾಯಮಾತಿಯನ್ನು. ವರ್ಷ ವರ್ಷ ಒಪ್ಪಂದ ನವೀಕರಣಕ್ಕೆ ಕಾಯುವ ನರ್ಸ್, ತಪ್ಪು ಔಷಧದ ಚೀಟಿ ಕಂಡಾಗ ಹಿರಿಯ ವೈದ್ಯರೆದುರು ‘ಇದು ಸರಿಯಿಲ್ಲ ಸರ್’ ಎನ್ನುವ ಮೊದಲು ಮನೆಯ ಬಾಡಿಗೆಯನ್ನು ನೆನೆಯಬೇಕಾಗುತ್ತದೆ. ಸರ್ಕಾರ ಮೊದಲು ಖಾಲಿ ಹುದ್ದೆಗಳನ್ನು ಕಾಯಂ ನೇಮಕದಿಂದ ತುಂಬಲಿ, ಪ್ರತಿ ಪಾಳಿಯ ನರ್ಸ್–ರೋಗಿ ಲೆಕ್ಕವನ್ನು ವಾರ್ಡಿನ ಬಾಗಿಲಲ್ಲೇ ಬರೆದು ಹಾಕಲಿ.