ಮೊದಲು ಬಂದವನ ಕಾಡು

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ಕಡಲ ದಂಡೆ. ಯಾರ ಒಡೆತನಕ್ಕೂ ಸೇರದ ಪಾಳು ನೆಲ. ಪೋಸ್ಟ್ ಎಂಬವನು ನಾಯಿಗಳನ್ನು ಬಿಟ್ಟು ಒಂದು ನರಿಯನ್ನು ಅಟ್ಟಿಸಿಕೊಂಡು ಹೊರಟಿದ್ದ. ಪಿಯರ್‌ಸನ್ ಎಂಬ ಇನ್ನೊಬ್ಬ ನಡುವೆ ಬಂದು ಅದನ್ನು ಕೊಂದು ಎತ್ತಿಕೊಂಡು ನಡೆದ. ಪೋಸ್ಟ್ ಬೆನ್ನಟ್ಟುತ್ತಿರುವುದು ಅವನಿಗೆ ಗೊತ್ತಿಲ್ಲದೇನಿರಲಿಲ್ಲ. ಕೆಳಗಿನ ಕೋರ್ಟು ಪೋಸ್ಟ್‌ಗೆ 75 ಸೆಂಟು ಪರಿಹಾರ ಕೊಡಿಸಿತು. 1805ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಬೆನ್ನಟ್ಟಿದ ಮಾತ್ರಕ್ಕೆ ಕಾಡುಪ್ರಾಣಿ ಯಾರದೂ ಆಗುವುದಿಲ್ಲ, ಹಿಡಿಯಬೇಕು, ಇಲ್ಲವೆ ತಪ್ಪಿಸಿಕೊಳ್ಳಲಾಗದಂತೆ ಗಾಯಗೊಳಿಸಿರಬೇಕು ಎಂದಿತು. ಪಿಯರ್‌ಸನ್ ನಡೆದುಕೊಂಡದ್ದು ಸೌಜನ್ಯವಲ್ಲದಿರಬಹುದು, ಆದರೆ ಕಾನೂನಿನಲ್ಲಿ ಅದಕ್ಕೆ ಮದ್ದಿಲ್ಲ ಎಂದೂ ಬಹುಮತದ ತೀರ್ಪು ಒಪ್ಪಿಕೊಂಡಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಲಿವಿಂಗ್‌ಸ್ಟನ್ ಪೋಸ್ಟ್‌ನ ಪರ ನಿಂತರು. ಜೊತೆಗೆ, ಇಂಥ ವ್ಯಾಜ್ಯವನ್ನು ಬೇಟೆಗಾರರ ಪಂಚಾಯಿತಿಗೇ ಬಿಡಬೇಕಿತ್ತು, ರೋಮಿನ ಕಾಲದಿಂದ ಬಂದ ಕಾನೂನು ಗ್ರಂಥಗಳನ್ನೆಲ್ಲ ತಿರುವಿಹಾಕುವ ಅಗತ್ಯವಿರಲಿಲ್ಲ ಎಂದು ಛೇಡಿಸಿದರು. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಆಸ್ತಿಯ ಪಾಠವನ್ನು ಇಂದಿಗೂ ಈ ನರಿಯಿಂದಲೇ ಶುರುಮಾಡುವುದುಂಟು.

ಕಿರಾತಾರ್ಜುನರ ಕಥೆ ಬಲ್ಲ ನಮಗೆ ಈ ಜಗಳ ಹೊಸದಲ್ಲ. ಪಂಪ, ಕುಮಾರವ್ಯಾಸ ಇಬ್ಬರೂ ಹೇಳಿದ ಕಥೆಯೇ. ಆದರೆ ವ್ಯಾಸಭಾರತದ ವನಪರ್ವದಲ್ಲಿ ಅದು ಬರುವ ರೀತಿಯನ್ನು ನಿಧಾನವಾಗಿ ಓದಬೇಕು. ಹಂದಿಯ ಮೇಲೆ ಮೊದಲು ಗುರಿಯಿಟ್ಟವನು ನಾನು ಎಂದು ಕಿರಾತ ಹೇಳುತ್ತಾನೆ. ಅರ್ಜುನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಬ್ಬರ ಬಾಣಗಳೂ ಒಟ್ಟಿಗೆ ತಾಗುತ್ತವೆ. ಆಮೇಲೆ ನೀನು ಬೇಟೆಯ ಧರ್ಮವನ್ನು ಮೀರಿದೆ ಎಂದು ಆಕ್ಷೇಪಿಸುವವನು ಅರ್ಜುನ, ಅಂದರೆ ಎಚ್ಚರಿಕೆ ಕೇಳಿಯೂ ಬಾಣ ಬಿಟ್ಟವನು! ಕಿರಾತನ ಉತ್ತರವೂ ಸೊಗಸಾಗಿದೆ: ನಾವು ಕಾಡಿನವರು, ಇದು ನಾವಿರುವ ಜಾಗ, ನೀನೇಕೆ ಇಲ್ಲಿಗೆ ಬಂದೆ? ಪಾಶುಪತಾಸ್ತ್ರದ ಮೇಲೆ ಕಣ್ಣಿಟ್ಟು ಓದುವ ನಾವು ಈ ವಾಗ್ವಾದವನ್ನು ಹಾರಿಸಿಬಿಡುತ್ತೇವೆ. ಮೊದಲು ಕಂಡವನು, ಮೊದಲು ಹೊಡೆದವನು, ಮೊದಲಿಂದ ಇದ್ದವನು ಎಂಬ ಮೂರು ಹಕ್ಕುದಾರಿಕೆಗಳೂ ಅಲ್ಲಿವೆ. ಯಾವುದು ಹೆಚ್ಚು ಎಂದು ಕವಿ ಹೇಳುವುದಿಲ್ಲ. ದೇವರು ನಿಜರೂಪ ತೋರಿಸಿದ್ದರಿಂದ ವ್ಯಾಜ್ಯ ಅಲ್ಲಿಗೇ ನಿಂತಿತು.

ದೇವರು ಕಾಣಿಸಿಕೊಳ್ಳದ ಕಾಡುಗಳಲ್ಲಿ ಏನು ಮಾಡಬೇಕು? ನಮ್ಮಲ್ಲಿ ಈ ಪ್ರಶ್ನೆಗೆ ಜೀವವಿಲ್ಲ. 1972ರ ವನ್ಯಜೀವಿ ಕಾಯ್ದೆ ಮತ್ತು 1991ರ ಅದರ ತಿದ್ದುಪಡಿ ಬೇಟೆಯ ಬಾಗಿಲನ್ನೇ ಹೆಚ್ಚುಕಡಿಮೆ ಮುಚ್ಚಿದವು. ಅದು ಸರಿಯೆಂದೇ ನನ್ನ ಎಣಿಕೆ. ಅಮೆರಿಕದಲ್ಲಿ ಹಾಗಲ್ಲ. ಭೂ ನಿರ್ವಹಣಾ ಬ್ಯೂರೋದ ವಶದಲ್ಲಿ ಸುಮಾರು 24.5 ಕೋಟಿ ಎಕರೆ, ಅರಣ್ಯ ಸೇವೆಯ ವಶದಲ್ಲಿ ಸುಮಾರು 19.3 ಕೋಟಿ ಎಕರೆ ನೆಲವಿದೆ. ಇದರ ಬಹುಭಾಗದಲ್ಲಿ ಲೈಸೆನ್ಸ್ ಇರುವ ಯಾರು ಬೇಕಾದರೂ ಬೇಟೆಯಾಡಬಹುದು. ಆದರೆ ಈ ನೆಲ ಹೆಚ್ಚಾಗಿ ಪಶ್ಚಿಮದ ರಾಜ್ಯಗಳಲ್ಲಿದೆ, ಟೆಕ್ಸಾಸಿನಲ್ಲಿ ಶೇ. 95ಕ್ಕೂ ಹೆಚ್ಚು ಭೂಮಿ ಖಾಸಗಿಯವರದು. ಪೂರ್ವದ ಕಡೆ ಜನ ಹೆಚ್ಚು, ನೆಲ ಕಡಿಮೆ, ಋತು ಚಿಕ್ಕದು. ವಿಸ್ಕಾನ್ಸಿನ್‌ನಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಋತು ಒಂಬತ್ತು ದಿನ. ಐದು ಲಕ್ಷಕ್ಕೂ ಹೆಚ್ಚು ಮಂದಿ ಅದಕ್ಕೆ ಲೈಸೆನ್ಸ್ ಪಡೆಯುತ್ತಾರೆ. ಆ ಕಡೆ ಇರುವ ಕನ್ನಡಿಗರೂ ನವೆಂಬರಿನಲ್ಲಿ ಕಾಡಿನ ಹಾದಿ ಹಿಡಿದರೆ ಕಡುಕಿತ್ತಳೆ ಜಾಕೆಟ್ಟು ತೊಡುವುದು ಕ್ಷೇಮ.

ಬಂದವರೆಲ್ಲರೂ ತಾವು ಮಾಲೀಕರು ಎಂದುಕೊಂಡೇ ಬರುತ್ತಾರೆ, ತಪ್ಪೇನೂ ಇಲ್ಲ. ಕೋವಿ, ತೋಟಾಗಳ ಮೇಲಿನ ಶೇ. 11ರ ಕೇಂದ್ರ ತೆರಿಗೆಯ ಹಣ 1937ರ ಕಾಯ್ದೆಯಂತೆ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ. ಈ ಕಾಡನ್ನು ಉಳಿಸಿದವರು ನಾವು ಎಂದು ಬೇಟೆಗಾರ ಹೇಳಿದರೆ ಅದರಲ್ಲಿ ಸತ್ಯಾಂಶವಿದೆ. ತೊಡಕೆಂದರೆ ಪಕ್ಕದ ಮರದ ಕೆಳಗೆ ನಿಂತವನೂ ಅದೇ ತೆರಿಗೆ ಕಟ್ಟಿದ್ದಾನೆ. ಮೊದಲು ಯಾವ ಹಳ್ಳದ ಹಿಂದೆ ಸರ್ಕಾರಿ ನೆಲವಿದೆ ಎಂಬುದು ಊರಿನ ನಾಲ್ಕು ಜನಕ್ಕೆ ಮಾತ್ರ ಗೊತ್ತಿರುತ್ತಿತ್ತು. ಈಗ ಫೋನಿನ ನಕ್ಷೆ ಖಾಸಗಿ-ಸರ್ಕಾರಿ ಗಡಿಯನ್ನು ಗೆರೆ ಎಳೆದು ಎಲ್ಲರಿಗೂ ತೋರಿಸುತ್ತದೆ. ಇದು ಪ್ರಜಾಸತ್ತೆಯ ಲಾಭ ಎಂದೇ ನಾನೆನ್ನುತ್ತೇನೆ. ಗುಟ್ಟಿನ ಜಾಗ ಕಳೆದುಕೊಂಡವರ ಗೊಣಗಾಟ ಬೇರೆ ಮಾತು.

ಜಗಳ ಹುಟ್ಟುವುದು ಹೆಚ್ಚಾಗಿ 'ನನ್ನ ಸ್ಪಾಟ್' ಎಂಬ ಮಾತಿನಿಂದ. ಮರಕ್ಕೆ ಕಟ್ಟುವ ಅಟ್ಟಣಿಗೆಯನ್ನು ಅಲ್ಲಿಯವರು ಟ್ರೀ ಸ್ಟ್ಯಾಂಡ್ ಎನ್ನುತ್ತಾರೆ. ಅದನ್ನು ಋತುವಿಗೆ ಮುಂಚೆಯೇ ಕಟ್ಟಿ ಹೋದವನು, ಆ ಮರದ ಸುತ್ತಲಿನ ಇನ್ನೂರು ಗಜ ತನ್ನದೆಂದು ಭಾವಿಸುತ್ತಾನೆ. ಕೆಂಪು ಬಸ್ಸಿನ ಕಿಟಕಿಯಿಂದ ಟವಲ್ಲು ಎಸೆದು ಸೀಟು ಹಿಡಿಯುವ ನಮ್ಮ ಪದ್ಧತಿಯದೇ ತರ್ಕ ಇದು: ಟವಲ್ಲಿಗೆ ಹಕ್ಕಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಅದನ್ನು ಸರಿಸಿ ಕೂತವನ ಮೇಲೆ ಬಸ್ಸಿನ ಅರ್ಧ ಜನ ಮುನಿಯುತ್ತಾರೆ. ಸರ್ಕಾರಿ ನೆಲದಲ್ಲಿ ಕೆಲವು ರಾಜ್ಯಗಳು ಟ್ರೀ ಸ್ಟ್ಯಾಂಡನ್ನು ಸಂಜೆಗೇ ಬಿಚ್ಚಿ ಒಯ್ಯಬೇಕೆನ್ನುತ್ತವೆ. ಮಿಷಿಗನ್‌ನಂಥ ಕಡೆ ಹೆಸರು ಬರೆದ ಮಾತ್ರಕ್ಕೆ ಆ ಜಾಗ ನಿನ್ನೊಬ್ಬನದಾಗುವುದಿಲ್ಲ ಎಂದು ನಿಯಮವೇ ಹೇಳುತ್ತದೆ.

ನನ್ನ ವಾದ ಇಷ್ಟು: ಸಾರ್ವಜನಿಕ ನೆಲದಲ್ಲಿ ಮೊದಲು ಬಂದವನಿಗೆ ಯಾವ ಹಕ್ಕೂ ಇಲ್ಲ, ಹಾಗೆ ಹಕ್ಕಿಲ್ಲದ ಕಾರಣಕ್ಕೇ ಅವನಿಗೆ ಸೌಜನ್ಯ ಸಲ್ಲಬೇಕು. ಹಕ್ಕಿದ್ದರೆ ವಾರ್ಡನ್ನನ್ನು ಕರೆದರಾಯಿತು, ಎದುರಿನವನ ಒಳ್ಳೆಯತನ ಬೇಕಾಗುವುದಿಲ್ಲ. ಕತ್ತಲಲ್ಲಿ ಕಾಡಂಚಿಗೆ ಬಂದು ಅಲ್ಲಿ ನಿಂತ ಇನ್ನೊಬ್ಬರ ಪಿಕಪ್ ಟ್ರಕ್ಕು ನೋಡಿ ಬೇರೆ ದಾರಿ ಹಿಡಿಯುವವನು, ಅಥವಾ ಕಾದು ನಿಂತು 'ನೀವು ಯಾವ ಕಡೆ ಹೊರಟಿರಿ' ಎಂದು ಕೇಳುವವನು ಕಾನೂನು ಪಾಲಿಸುತ್ತಿಲ್ಲ, ತನ್ನ ಪಾಲಿನ ಒಂದಿಷ್ಟನ್ನು ಬಿಟ್ಟುಕೊಡುತ್ತಿದ್ದಾನೆ. ಪಡೆದವನು ಅದನ್ನು ಕೊಡುಗೆ ಎಂದು ತಿಳಿದಷ್ಟು ದಿನ ವ್ಯವಸ್ಥೆ ನಡೆಯುತ್ತದೆ. ತನ್ನ ಸವಲತ್ತು ಎಂದುಕೊಂಡ ದಿನ, ಬಿಟ್ಟುಕೊಡದ ಮುಂದಿನ ಮನುಷ್ಯ ಅವನಿಗೆ ಕಳ್ಳನಂತೆ ಕಾಣುತ್ತಾನೆ. ಬೇಟೆಗೆ ಬೇಕೆಂದೇ ಅಡ್ಡಿಪಡಿಸುವುದನ್ನು ಅಪರಾಧವೆನ್ನುವ ಕಾನೂನು ಐವತ್ತೂ ರಾಜ್ಯಗಳಲ್ಲಿದೆ. ಅದು ಮುಖ್ಯವಾಗಿ ಬೇಟೆ ವಿರೋಧಿ ಚಳವಳಿಗಾರರನ್ನು ತಡೆಯಲು ಬಂದದ್ದು. ಹತ್ತಿರ ಕೂತು ತಾನೂ ಬೇಟೆಯಾಡುತ್ತಿರುವವನ ಮೇಲೆ ಅದನ್ನು ಝಳಪಿಸಿದರೆ ಹೆಚ್ಚೇನೂ ಆಗದು.

ಹಕ್ಕಿಲ್ಲದ ಮೇಲೆ ಬಿಟ್ಟುಕೊಡುವುದೇಕೆ ಎಂದು ಕೇಳಬಹುದು. ವಸಂತಕಾಲದ ಟರ್ಕಿ ಕೋಳಿ ಬೇಟೆ ಇದಕ್ಕೆ ಒಳ್ಳೆಯ ಉತ್ತರ. ಟರ್ಕಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಜಿಂಕೆ ಬೇಟೆಯ ಕಿತ್ತಳೆ ಅಂಗಿ ಇಲ್ಲಿ ನಡೆಯದು. ಬೇಟೆಗಾರ ಮುಖ, ಕೈ ಎಲ್ಲ ಮುಚ್ಚಿಕೊಂಡು ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತು ಹೆಣ್ಣಿನ ದನಿಯಲ್ಲಿ ಕರೆಯುತ್ತಾನೆ. ಆ ದನಿ ಕೇಳಿ ಇನ್ನೊಬ್ಬ ಅದೇ ಉಡುಪಿನವನು ತೆವಳಿ ಬರುತ್ತಾನೆ. ಒಬ್ಬರಿಗೊಬ್ಬರು ಹಕ್ಕಿಗಳೇ. ಆದ್ದರಿಂದ ಅಲ್ಲಿ ಹೊಸಬರಿಗೆ ಹೇಳಿಕೊಡುವ ಪಾಠಗಳು: ಗಂಡು ಟರ್ಕಿಯ ತಲೆಯಲ್ಲಿರುವ ಕೆಂಪು, ಬಿಳಿ, ನೀಲಿ ಬಣ್ಣವನ್ನು ತೊಡಬೇಡ, ದನಿಯನ್ನು ಬೆನ್ನುಹತ್ತಬೇಡ, ಯಾರಾದರೂ ಬರುತ್ತಿರುವುದು ಕಂಡರೆ ಕೈ ಬೀಸಬೇಡ, ಟರ್ಕಿಯಂತೆ ಕೂಗಬೇಡ, ಕೂತಲ್ಲೇ ಕೂತು ಮನುಷ್ಯನ ಗಂಟಲಲ್ಲಿ ಗಟ್ಟಿಯಾಗಿ ಮಾತಾಡು. ಹಾಗೆ ಮಾತಾಡಿದರೆ ಬೆಳಗಿನಿಂದ ಕಾದ ಹಕ್ಕಿ ಹಾರಿಹೋಗುತ್ತದೆ. ಅಷ್ಟು ಬೆಲೆ ತೆತ್ತು ನಾನಿಲ್ಲಿದ್ದೇನೆ ಎಂದು ಹೇಳುವುದು ಅಲ್ಲಿಯ ಸೌಜನ್ಯ. ಹೇಳದಿದ್ದರೆ ಹೋಗುವುದು ಹಕ್ಕಿಯಲ್ಲ, ಪ್ರಾಣ.

ಕಟ್ಟಳೆ ಬರೆಯದೆಯೂ ಇಂಥ ನಡವಳಿಕೆ ಬೇರೂರಿದ್ದುಂಟು. ತಿಮಿಂಗಿಲ ಬೇಟೆಯ ಕಾಲದಲ್ಲಿ, ನಿಧಾನವಾಗಿ ಈಜುವ ಜಾತಿಯ ತಿಮಿಂಗಿಲವಾದರೆ ಹಗ್ಗದಿಂದ ದೋಣಿಗೆ ಕಟ್ಟಿಕೊಂಡಿರುವವನಿಗೆ ಅದು ಸೇರುತ್ತಿತ್ತು. ಆಳಕ್ಕೆ ಮುಳುಗುವ, ಹಗ್ಗ ಹರಿದು ಓಡುವ ಸ್ಪರ್ಮ್ ತಿಮಿಂಗಿಲವಾದರೆ ಮೊದಲು ಈಟಿ ನೆಟ್ಟು ಬೆನ್ನುಹತ್ತಿದವನದು. ರಾಬರ್ಟ್ ಎಲಿಕ್‌ಸನ್ ಎಂಬ ಕಾನೂನು ಪಂಡಿತರು ಇದನ್ನು ವಿವರಿಸುತ್ತ ಒಂದು ಸರಳ ಕಾರಣ ಕೊಟ್ಟರು: ನಾಂಟಕೆಟ್, ನ್ಯೂ ಬೆಡ್‌ಫರ್ಡ್ ಬಂದರುಗಳ ಈ ನಾವಿಕರು ಪರಸ್ಪರ ಬಲ್ಲವರು. ಸಮುದ್ರದಲ್ಲಿ ಮೋಸ ಮಾಡಿದವನು ದಡದಲ್ಲಿ ಮುಖ ತೋರಿಸಬೇಕಿತ್ತು. ಕುವೆಂಪು ಚಿತ್ರಿಸಿದ ಮಲೆನಾಡಿನ ಬೇಟೆಯಲ್ಲೂ ಇದೇ ಇದೆ. ಹಳು ಸೋವುವವರು, ಬಿಲ್ಲಿಗೆ ಕೂತವರು, ನಾಯಿ ತಂದವರು ಎಲ್ಲ ಒಂದೇ ಸೀಮೆಯವರು. ಪಾಲಿನ ಜಗಳವಾದರೂ ಅದು ಮನೆಜಗಳ. ಮರುದಿನ ಗದ್ದೆಯ ಬದುವಿನ ಮೇಲೆ ಅದೇ ಮುಖ ನೋಡಬೇಕು.

ಹೀಗೆ ಹೇಳಿ ಹಿಂದಿನವರು ಒಳ್ಳೆಯವರು ಎಂದು ನಿಟ್ಟುಸಿರು ಬಿಡುವುದು ಸುಲಭ. ಆದರೆ ಬಲ್ಲವರ ನಡುವಿನ ಸೌಜನ್ಯಕ್ಕೆ ಇನ್ನೊಂದು ಮುಖವಿದೆ: ಅದು ಬಲ್ಲವರಿಗೆ ಮಾತ್ರ. 1975ರ ಬಳಿಕ ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನ ವಿಸ್ಕಾನ್ಸಿನ್, ಮಿನ್ನೆಸೋಟಗಳಲ್ಲಿ ನೆಲೆಸಿದರು. ಗುಡ್ಡಗಾಡಿನ ಬೇಟೆ ಬಲ್ಲ ಜನ. ಅಲ್ಲಿನ ಕಾಡಿಗೂ ಇಳಿದರು. 2004ರ ನವೆಂಬರಿನಲ್ಲಿ ವಿಸ್ಕಾನ್ಸಿನ್‌ನ ಸಾಯರ್ ಕೌಂಟಿಯ ಖಾಸಗಿ ಜಮೀನೊಂದರಲ್ಲಿ, ಬೇರೆಯವರ ಟ್ರೀ ಸ್ಟ್ಯಾಂಡಿನ ಮೇಲಿದ್ದ ಹ್ಮಾಂಗ್ ಬೇಟೆಗಾರನೊಬ್ಬನಿಗೆ ಜಮೀನಿನವರು ಇಳಿದು ಹೋಗೆಂದರು. ಮಾತಿಗೆ ಮಾತು ಬೆಳೆದು, ಅವನ ಗುಂಡಿಗೆ ಆರು ಜನ ಸತ್ತರು, ಇಬ್ಬರು ಗಾಯಗೊಂಡರು. ಅವನು ಜೀವಾವಧಿ ಸೆರೆಗೆ ಹೋದ. 2007ರ ಜನವರಿಯಲ್ಲಿ ಅದೇ ರಾಜ್ಯದ ಪೆಶ್ಟಿಗೊ ಹಾರ್ಬರ್ ವನ್ಯಜೀವಿ ಪ್ರದೇಶದಲ್ಲಿ, ಅದು ಸಾರ್ವಜನಿಕ ನೆಲ, ಅಳಿಲು ಬೇಟೆಗೆ ಬಂದಿದ್ದ ಹ್ಮಾಂಗ್ ವ್ಯಕ್ತಿಯನ್ನು ಅದೇ ಬೇಟೆಗೆ ಬಂದಿದ್ದ ಬಿಳಿಯನೊಬ್ಬ ಕೊಂದ. ಅವನಿಗೂ ದೀರ್ಘ ಶಿಕ್ಷೆಯಾಯಿತು. ಸಂಸ್ಕೃತಿ ಭೇದ ಈ ಕೊಲೆಗಳನ್ನು ವಿವರಿಸುತ್ತದೆ ಎಂದು ನಾನು ಹೇಳುವುದಿಲ್ಲ. ಲಕ್ಷಾಂತರ ಜನ ಅದೇ ಭೇದವನ್ನು ಹೊತ್ತುಕೊಂಡೇ ಪ್ರತಿವರ್ಷ ಕಾಡಿಗೆ ಹೋಗಿ ಸುಮ್ಮನೆ ಮನೆಗೆ ಬರುತ್ತಾರೆ. ಆದರೆ 'ಇಲ್ಲಿ ನೀನು ಯಾರು' ಎಂಬ ಪ್ರಶ್ನೆ ಎದ್ದಾಗ ಅದು ಹೊಸಬನ ಕಡೆಗೇ ತಿರುಗುತ್ತದೆ, ನೆಲ ಯಾರದೇ ಆಗಿರಲಿ.

ಹಾಗಾದರೆ ನಿಯಮ ಬರಲಿ, ಎಲ್ಲರಿಗೂ ಒಂದೇ ಇರಲಿ ಎನ್ನಬಹುದು. ನಿಯಮಗಳಲ್ಲೂ ಜಾತಿಯಿದೆ. ಅರ್ಕಾನ್ಸಾಸ್‌ನ ಬಾಯೂ ಮೀಟೊ ಎಂಬಲ್ಲಿ ನೀರು ನಿಂತ ಕಾಡಿಗೆ ಮಲ್ಲಾರ್ಡ್ ಬಾತುಗಳು ಇಳಿಯುತ್ತವೆ. ಬೆಳಗಿನ ಜಾವ ನಾಲ್ಕಕ್ಕಿಂತ ಮುಂಚೆ ದೋಣಿ ಕಾಡಿನೊಳಗೆ ಹೋಗುವಂತಿಲ್ಲ ಎಂದು ಅಲ್ಲಿ ನಿಯಮ ಮಾಡಿದರು. ಉದ್ದೇಶ ಒಳ್ಳೆಯದೇ, ಇಡೀ ರಾತ್ರಿ ಜಾಗ ಕಾಯುವುದು ತಪ್ಪಲಿ ಎಂದು. ಆದರೆ ಮೊದಲು ಬಂದವನಿಗೆ ಜಾಗ ಎಂಬ ರೂಢಿ ಹಾಗೇ ಉಳಿದಿತ್ತು. ನಾಲ್ಕು ಹೊಡೆಯುತ್ತಲೇ ಕತ್ತಲಲ್ಲಿ, ಮರಗಳ ನಡುವೆ, ದೋಣಿಗಳ ಓಟದ ಪಂದ್ಯ. ದೊಡ್ಡ ಮೋಟಾರು ಕೊಳ್ಳಬಲ್ಲವನು ಮೊದಲಿಗ. ಸೌಜನ್ಯವನ್ನು ಗಡಿಯಾರಕ್ಕೆ ಒಪ್ಪಿಸಿದರೆ ಸಿಗುವುದು ಇದು.

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯ ಸರ್ಕಾರಿ ಪಕ್ಷಿಧಾಮಗಳಲ್ಲಿ ಬೇರೆ ಉಪಾಯ. ಲಾಟರಿಯಲ್ಲಿ ಹೆಸರು ಬಂದವರಿಗೆ ಪ್ರವೇಶ. ಕೆಲವರಿಗೆ ನಿಗದಿಯಾದ ಮರೆ, ಇನ್ನು ಕೆಲವರಿಗೆ ಎಲ್ಲಿ ಬೇಕಾದರೂ ನಡೆದುಹೋಗಬಹುದಾದ ಬಯಲು. ನಂಬರಿನ ಮರೆಯಲ್ಲಿ ಜಗಳಕ್ಕೆ ಜಾಗ ಕಡಿಮೆ, ಪಕ್ಕದವನ ಜೊತೆ ಮಾತಿಗೂ ಕಡಿಮೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ: ಒಬ್ಬನ ಬಳಿ 25ಕ್ಕಿಂತ ಹೆಚ್ಚು ತೋಟಾ ಇರಕೂಡದು. ಬಾತು ಬೇಟೆಗಾರರು ಬಹಳ ಬೈಯುವುದು ಸ್ಕೈ ಬಸ್ಟಿಂಗ್ ಮಾಡುವವನನ್ನು, ಅಂದರೆ ಎಟುಕದ ಎತ್ತರದ ಹಕ್ಕಿಗೆ ಸುಮ್ಮನೆ ಗುಂಡು ಹಾರಿಸಿ, ಪಕ್ಕದವನ ಡಿಕಾಯ್ ಬೊಂಬೆಗಳತ್ತ ಇಳಿಯುತ್ತಿದ್ದ ಹಿಂಡನ್ನು ಚದುರಿಸುವವನನ್ನು. ತೋಟಾ ಎಣಿಕೆಯಲ್ಲಿದ್ದರೆ ಅವನೇ ಕೈ ಬಿಗಿ ಹಿಡಿಯುತ್ತಾನೆ. ಯಾರು ಮೊದಲು, ಯಾರು ಎಷ್ಟು ದೂರ ಎಂಬ ಗೋಜಿಗೆ ಈ ನಿಯಮ ಹೋಗುವುದಿಲ್ಲ. ಪರಸ್ಪರ ಕೇಳಿ ಬಗೆಹರಿಸಿಕೊಳ್ಳಬೇಕಾದ್ದನ್ನು ಅವರಿಗೇ ಬಿಟ್ಟು, ಕೆಡುಕಿನ ಸಾಧನವನ್ನಷ್ಟೇ ಚಿಕ್ಕದು ಮಾಡುತ್ತದೆ.

ಕೇಳಿ ಬಗೆಹರಿಸಿಕೊಳ್ಳುವ ಕೆಲಸ ಯಾರದು? ಹೊಸಬ ಬಂದು ವಿಚಾರಿಸಲಿ ಎಂಬುದು ಸಾಮಾನ್ಯ ಉತ್ತರ. ನಾನು ತಿರುಗಿಸಿ ಹೇಳುತ್ತೇನೆ. ಬೇಟೆಗಾರರ ಸುರಕ್ಷತಾ ತರಬೇತಿ ಹ್ಮಾಂಗ್ ಭಾಷೆಯಲ್ಲೂ ಸಿಗುತ್ತದೆ. ಗಡಿ, ಪರವಾನಗಿ, ಋತುವಿನ ವಿಚಾರ ಅದರಲ್ಲಿ ಕಲಿಯಬಹುದು. ನಿಂತ ಟ್ರಕ್ಕು ನೋಡಿ ಹಿಂದಿರುಗುವ ಬಗ್ಗೆ, ಕತ್ತಲಲ್ಲಿ ಟಾರ್ಚು ಮಿನುಗಿಸಿ ಇರವು ತಿಳಿಸುವ ಬಗ್ಗೆ ಕಾನೂನು ಏನೂ ಹೇಳುವುದಿಲ್ಲ. ಮನೆಯಲ್ಲಿ ಬೇಟೆ ಕಂಡು ಬೆಳೆದವನಿಗೆ ಮಾತ್ರ ಅದು ಅಭ್ಯಾಸ. ರೂಢಿಯ ಲಾಭ ಉಣ್ಣುವವನೂ ಅವನೇ. ಆದ್ದರಿಂದ ಅಟ್ಟಣಿಗೆಯ ಮೇಲಿರುವವನೇ ಮೊದಲು ದನಿ ಎತ್ತಬೇಕು, ಬಯ್ಯುವುದಕ್ಕಲ್ಲ, ತಾನು ಯಾವ ದಿಕ್ಕಿಗೆ ನೋಡುತ್ತಿದ್ದೇನೆ, ಎಷ್ಟು ಹೊತ್ತು ಇರುತ್ತೇನೆ, ಆಚೆ ದಿಣ್ಣೆಯ ಹಿಂದೆ ಜಾಗ ಖಾಲಿಯಿದೆಯೇ ಎಂದು ಹೇಳುವುದಕ್ಕೆ. ಕೇಳಿದ ಮೇಲೂ ಹೊಸಬ ಅಲ್ಲೇ ಐವತ್ತು ಗಜದಾಚೆ ಕೂತರೆ? ಕೂರಲಿ. ನೆಲ ಅವನದೂ ಹೌದು. ಆ ಬೆಳಿಗ್ಗೆ ಜಿಂಕೆ ತಪ್ಪಿತು ಎಂದು ಇಳಿದು ಹೋಗಬೇಕಾದವನು ಮೇಲೆ ಕೂತವನೇ ಆಗಬಹುದು.